ಒಡತಿಯ ಕಾಡಿನಲ್ಲಿ ಗೋಮಾ ಮತ್ತು ನಾನು

ಮಾನ ಕಳೆದುಕೊಳ್ಳುವುದಕ್ಕೆ ಕೆಲವರು ಪಾಪ ಕಷ್ಟಪಡಬೇಕಾಗುತ್ತದೆ. ನನಗೆ ಅದು ಬೆಳಗಿನ ಕಾಫಿಯಷ್ಟೇ ಸಲೀಸು. ತುಮಕೂರಿನಲ್ಲಿದ್ದಾಗ ತಿಂಗಳಿಗೊಮ್ಮೆ ಆಗುತ್ತಿತ್ತು, ಜಪಾನಿನ ತ್ಸುಕುಬಾಕ್ಕೆ ಬಂದ ಮೇಲೆ ವಾರಕ್ಕೆ ಎರಡು ಸಲ. ಹೋದ ಶರತ್ಕಾಲದಲ್ಲಿ ನನ್ನ ಕೈಗೆ ಒಂದು ನಾಯಿ ಸಿಕ್ಕಿತು. ಆಮೇಲೆ ಲೆಕ್ಕ ಇಡುವುದನ್ನೇ ಬಿಟ್ಟೆ.

ಒಪ್ಪಿಕೊಂಡದ್ದು ಏನು

ನನ್ನ ಗಂಡ ಇಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಪ್ರಪಂಚದಲ್ಲಿ ಯಾರಿಗೂ ಅರ್ಥವಾಗದ ವಿಷಯಗಳು ಅವರಿಗೆ ಅರ್ಥವಾಗುತ್ತವೆ. ಜಪಾನೀಸ್ ಭಾಷೆ ಮಾತ್ರ ಅರ್ಥವಾಗುವುದಿಲ್ಲ. ಆದರೆ ಯಾರಾದರೂ ಮಾತಾಡಿಸಿದರೆ ಸೊಂಟ ಬಗ್ಗಿಸಿ "ಹಾಯ್, ಹಾಯ್" ಅನ್ನುತ್ತಾರೆ. ಇಲ್ಲಿ ಹಾಯ್ ಅಂದರೆ ಹೌದು. ಹೀಗೆ ಹೌದು ಹೌದು ಅಂದುಕೊಂಡೇ ಅವರು ಏಳು ವರ್ಷ ದೂಡಿದ್ದಾರೆ.

ಒಂದು ಸಂಜೆ ನಮ್ಮ ಮನೆ ಮಾಲೀಕರು ಬಾಗಿಲಿಗೆ ಬಂದರು. ಪಕ್ಕದ ಮನೆಯಲ್ಲೇ ಒಬ್ಬರೇ ಇರುವ ಎಪ್ಪತ್ತೆಂಟರ ಮುದುಕರು. ಹೆಚ್ಚು ಮಾತಿಲ್ಲ, ಆದರೆ ತೋಟದಲ್ಲಿ ಮೂಲಂಗಿ ಬಂದರೆ ನಮ್ಮ ಬಾಗಿಲಲ್ಲಿ ಎರಡು ಇಟ್ಟು ಹೋಗುವಂಥ ಮನುಷ್ಯ. ಅವತ್ತು ಹತ್ತು ನಿಮಿಷ ಏನೋ ಹೇಳಿದರು. ನಮ್ಮವರು ಹತ್ತು ನಿಮಿಷವೂ ಹಾಯ್ ಅಂದರು. ಮಾಲೀಕರ ಕಣ್ಣಲ್ಲಿ ನೀರು ಬಂತು. ನೆಲ ಮುಟ್ಟುವಷ್ಟು ಬಗ್ಗಿ ಹೋದರು.

"ಏನಂತೆ ರೀ?" ಅಂದೆ.

"ಗೊತ್ತಿಲ್ಲ ಕಣೆ. ಆದ್ರೆ ತುಂಬಾ ಥ್ಯಾಂಕ್ಸ್ ಹೇಳಿದ್ರು."

ಮರುದಿನ ಬೆಳಗ್ಗೆ ಅದೇನೆಂದು ಗೊತ್ತಾಯಿತು. ಬಾಗಿಲು ತೆಗೆದರೆ ಕಪ್ಪು ಬಣ್ಣದ, ಶಿಬಾ ಅನ್ನುವ ಇಲ್ಲಿನ ತಳಿಯ ಒಂದು ನಾಯಿ ಕೂತಿದೆ. ಪಕ್ಕದಲ್ಲಿ ಒಂದು ಚೀಲ, ಹಗ್ಗ, ಬಟ್ಟಲು, ಬಾಟಲಿ, ಮತ್ತು ಮುತ್ತಿನಂಥ ಅಕ್ಷರದಲ್ಲಿ ಬರೆದ ನಾಲ್ಕು ಪುಟದ ಸೂಚನೆ. ಹತ್ತು ವರ್ಷದ ಮಗಳು ಓದಿ ಹೇಳಿದಳು. ಮಾಲೀಕರಿಗೆ ಸೊಂಟದ ಮೂಳೆಯ ಆಪರೇಷನ್, ಮೂರು ತಿಂಗಳು ಆಸ್ಪತ್ರೆ ವಾಸ. ಅಲ್ಲಿಯವರೆಗೆ ಗೋಮಾ ನಮ್ಮದು. ಗೋಮಾ ಅಂದರೆ ಎಳ್ಳು. ವಯಸ್ಸು ಹದಿಮೂರು, ಗಂಡು, ಗಂಭೀರ ಸ್ವಭಾವ.

ನಾನು ನಾಯಿ ಕಂಡರೆ ರಸ್ತೆ ದಾಟುವವಳು. ನಾಯಿ ಕಂಡಾಗ ಕಲ್ಲಿಲ್ಲ, ಕಲ್ಲು ಕಂಡಾಗ ನಾಯಿ ಇಲ್ಲ ಅಂತ ಪೇಚಾಡುತ್ತಾ ಬೆಳೆದ ಪೈಕಿ. ಮಗಳು ಕೊನೆಯ ಪುಟ ಓದಿದಳು. "ಅಮ್ಮಾ, ಇವನು ಬೇರೆ ಎಲ್ಲೂ ವಾಕಿಂಗ್ ಹೋಗಲ್ವಂತೆ. ಓನ್ಲಿ ಆ ಎಸ್ಟೇಟ್ ಕಾಡಲ್ಲಿ. ಬೇರೆ ಕಡೆ ಸುಸ್ಸೂನೂ ಮಾಡಲ್ವಂತೆ."

ಎಸ್ಟೇಟ್ ಅಂದ ಕೂಡಲೇ ಕಾಫಿ ಗಿಡ ನೆನೆಯಬೇಡಿ. ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಹಳೆಯ ಜಮೀನ್ದಾರರ ದೊಡ್ಡ ಹೆಂಚಿನ ಮನೆ, ಅದರ ಮುಂದೆ ಹುಲ್ಲುಹಾಸು, ಒಂದು ಕೊಳ, ಹಿಂದೆ ಬಿದಿರು, ಅದರ ಹಿಂದೆ ಎಲೆ ಉದುರುವ ಮರಗಳ ಕಾಡು. ಅದೆಲ್ಲದರ ಒಡತಿ ತೊಂಬತ್ತು ದಾಟಿದ ಒಬ್ಬ ಅಜ್ಜಿ. ಎಲ್ಲರೂ ಒಕುಸಾಮಾ, ಅಂದರೆ ಅಮ್ಮಾವ್ರು, ಅನ್ನುತ್ತಾರೆ. ಜನರನ್ನು ಮೊದಲಿಂದಲೂ ಒಳಗೆ ಬಿಡುತ್ತಿದ್ದರು. ಮಾಲೀಕರಿಗೆ ಹಳೆಯ ಪರಿಚಯವಿದ್ದುದರಿಂದ ಗೋಮಾನನ್ನೂ ಬಿಡುತ್ತಿದ್ದರು. ಆ ವರ್ಷವಷ್ಟೇ ಎಲ್ಲ ನಾಯಿಗಳಿಗೂ ಬಾಗಿಲು ತೆರೆದಿದ್ದರು, ಅದೂ ಪರೀಕ್ಷೆಗೆ. ನವೆಂಬರ್ ಕೊನೆಯವರೆಗೆ ನೋಡುವುದು, ಏನಾದರೂ ಎಡವಟ್ಟಾದರೆ ಒಂದು ನಾಯಿಯೂ ಬೇಡ ಅಂತ ನಿಲ್ಲಿಸುವುದು.

ಸೂಚನೆಯ ಕಡೆಯ ಸಾಲು ಹೀಗಿತ್ತು. ಕಾಡು ತಪ್ಪಿದರೆ ಗೋಮಾನನ್ನು ಒಸಾಕಾದಲ್ಲಿರುವ ಮಗಳ ಮನೆಗೆ ಕಳಿಸಬೇಕಾಗುತ್ತದೆ, ಅವಳ ಫ್ಲ್ಯಾಟ್ ಇಪ್ಪತ್ತೆರಡನೇ ಮಹಡಿಯಲ್ಲಿದೆ, ಹೋದರೆ ಮತ್ತೆ ಬರುವುದು ಕಷ್ಟ.

ನಾನು ಗೋಮಾನನ್ನು ನೋಡಿದೆ. ಅವನು ನನ್ನನ್ನು ನೋಡಿದ. ನಮ್ಮಿಬ್ಬರಿಗೂ ಬೇರೆ ದಾರಿ ಇರಲಿಲ್ಲ.

ನೀರಿನ ಬಾಟಲಿ

ಮೊದಲ ದಿನ ಸೆಪ್ಟೆಂಬರಿನ ಸೆಕೆ. ಗೇಟಿನಲ್ಲಿ ಹಸಿರು ಜಾಕೀಟಿನ ಒಬ್ಬ ಅಜ್ಜ ಕಾವಲಿಗೆ. ಬಗ್ಗಿ ನಮಸ್ಕರಿಸಿದರು. ನಾನೂ ಬಗ್ಗಿದೆ. ಗೋಮಾ ಗೇಟಿನ ಕಲ್ಲುಕಂಬದ ಹತ್ತಿರ ಕಾಲೆತ್ತಿದ.

ಆ ಹೊತ್ತಿಗೆ ಪೂಡಲ್ ನಾಯಿ ಹಿಡಿದುಕೊಂಡ ಒಬ್ಬ ಹೆಂಗಸು ಬಂದು ನಿಂತರು. ಅಜ್ಜ ನನ್ನ ಕೈಯಲ್ಲಿದ್ದ ಬಾಟಲಿಯನ್ನೇ ನೋಡುತ್ತಿದ್ದರು. ಆ ಹೆಂಗಸೂ ಅದನ್ನೇ ನೋಡುತ್ತಿದ್ದರು. ಪಾಪ, ಬಿಸಿಲಲ್ಲಿ ಬಂದಿದ್ದಾಳೆ, ನೀರು ಕುಡಿಯಲಿ ಅಂತ ಇರಬೇಕು ಅಂದುಕೊಂಡು ಮುಚ್ಚಳ ತೆಗೆದು ಗಟಗಟ ಅರ್ಧ ಬಾಟಲಿ ಕುಡಿದೆ. ಇಬ್ಬರೂ ಉಸಿರು ಹಿಡಿದುಕೊಂಡರು. ಎಷ್ಟು ಕಾಳಜಿ ಈ ಜನಕ್ಕೆ ಅನ್ನಿಸಿ ಮನಸ್ಸು ತುಂಬಿ ಬಂತು. ಮಿಕ್ಕಿದ್ದನ್ನೂ ಕುಡಿದೆ.

ಹೆಂಗಸು ಮೆಲ್ಲಗೆ ತಮ್ಮ ಬಾಟಲಿ ತೆಗೆದು, ನನಗೆ ನೋವಾಗದ ಹಾಗೆ ಆಚೆ ತಿರುಗಿ, ಗೋಮಾ ಒದ್ದೆ ಮಾಡಿದ ಕಂಬದ ಮೇಲೆ ನೀರು ಸುರಿದು ತೊಳೆದರು. ಇಲ್ಲಿ ನಾಯಿ ಕಾಲೆತ್ತಿದ ಕಡೆಯೆಲ್ಲ ನೀರು ಹಾಕಿ ಹೋಗಬೇಕು, ಅದಕ್ಕೆಂದೇ ಎಲ್ಲರೂ ಬಾಟಲಿ ಹಿಡಿದಿರುತ್ತಾರೆ ಅಂತ ನನಗೆ ಆಮೇಲೆ ತಿಳಿಯಿತು.

ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ಬಾಟಲಿ ತಿರುಗಿಸಿ ಮಾಲೀಕರ ಅಂದವಾದ ಅಕ್ಷರ ಓದಿದಳು. "ಅಮ್ಮಾ, ಗೋಮಾ, ಟಾಯ್ಲೆಟ್, ಅಂತ ಬರೆದಿದೆ." ಬಾಟಲಿಯ ತಳ ನೋಡಿ ಸೇರಿಸಿದಳು. "ಸಿನ್ಸ್ ಟೂ ಥೌಸಂಡ್ ಟ್ವೆಲ್ವ್ ಅಂತಾನೂ ಇದೆ."

ಕಾಣೆಯಾದ ಹೆಂಗಸು

ಅಕ್ಟೋಬರಿಗೆ ನಾವಿಬ್ಬರೂ ಹೊಂದಿಕೊಂಡಿದ್ದೆವು. ಗೋಮಾ ನಡೆಯುವುದಕ್ಕಿಂತ ನಿಲ್ಲುವುದು ಹೆಚ್ಚು. ದೊಡ್ಡ ಮನೆಯ ಕಿಟಕಿಯ ಕೆಳಗೆ ದಿನಾ ಒಮ್ಮೆ ನಿಲ್ಲುತ್ತಾನೆ. ಕಾಡಿನ ನಡುವೆ ಇದ್ದಕ್ಕಿದ್ದಂತೆ ನಿಂತು ಎಲ್ಲೋ ನೋಡುತ್ತಾನೆ. ಅಲ್ಲಿ ಹಕ್ಕಿ ಇರುವುದಿಲ್ಲ, ಬೆಕ್ಕಿರುವುದಿಲ್ಲ, ಏನೂ ಇರುವುದಿಲ್ಲ. ಐದು ನಿಮಿಷ, ಹತ್ತು ನಿಮಿಷ. ಮೊದಮೊದಲು ಹಗ್ಗ ಎಳೆಯುತ್ತಿದ್ದೆ. ಆಮೇಲೆ ನಾನೂ ನಿಂತು ನೋಡುವುದಕ್ಕೆ ಶುರುಮಾಡಿದೆ. ಬಿದಿರಿನ ಸಂದಿಯಿಂದ ಬೆಳಕು ನೆಲಕ್ಕೆ ಬಂದು ಮೆಲ್ಲಗೆ ಜರುಗುವುದು, ಕೊಳದ ಮೇಲಿನ ಮಂಜು ಏಳಲೋ ಬೇಡವೋ ಅಂತ ಯೋಚಿಸುವುದು, ಒಂದು ಹಳದಿ ಎಲೆ ಕೆಳಗೆ ಬರುವುದಕ್ಕೆ ತೆಗೆದುಕೊಳ್ಳುವ ಸಮಯ. ಹದಿನೈದು ವರ್ಷದಿಂದ ಕುಕ್ಕರ್ ಸೀಟಿ ಎಣಿಸಿಕೊಂಡು ಬದುಕಿದವಳು ನಾನು. ಏನನ್ನೂ ಎಣಿಸದೆ ನಿಲ್ಲುವುದು ಇಷ್ಟು ಸುಖ ಅಂತ ಒಂದು ನಾಯಿ ಕಲಿಸಬೇಕಾಯಿತು. ನಿಜ ಹೇಳುತ್ತೇನೆ, ಆ ಕಾಡೂ ಆ ನಾಯಿಯೂ ನನಗೆ ಬೇಕೇಬೇಕು ಅನ್ನಿಸತೊಡಗಿದ್ದವು.

ಹೀಗೇ ಒಂದು ಬೆಳಗ್ಗೆ ಕಾಡಿನ ಬೆಂಚಿನ ಮೇಲೆ ಕೂತೆ. ಹಗ್ಗವನ್ನು ಬೆಂಚಿನ ಕೈಗೆ ಸುತ್ತಿದೆ. ಎಳೆ ಬಿಸಿಲು, ಎಲೆ ಉದುರುವ ಸದ್ದು. ಕಣ್ಣು ಮುಚ್ಚಿದ್ದೇ ಗೊತ್ತಾಗಲಿಲ್ಲ.

ನಿದ್ದೆಯೋ ಎಚ್ಚರವೋ ತಿಳಿಯದ ಆ ಸ್ಥಿತಿಯಲ್ಲಿ ಎಲ್ಲಿಂದಲೋ ಒಂದು ಮೃದುವಾದ ದನಿ ಕೇಳಿಸಿತು. ಮೈಕಿನಲ್ಲಿ ಯಾರೋ ನಿಧಾನವಾಗಿ ಹೇಳುತ್ತಿದ್ದಾರೆ. ಓದಲು ಬಾರದಿದ್ದರೂ, ನಿಧಾನವಾಗಿ ಹೇಳಿದರೆ ಜಪಾನೀಸ್ ನನಗೆ ಅಷ್ಟಿಷ್ಟು ತಿಳಿಯುತ್ತದೆ. ಇಲ್ಲಿ ವಯಸ್ಸಾದವರು ದಾರಿ ತಪ್ಪಿದರೆ ಹೀಗೆ ಊರಿಗೆಲ್ಲ ಕೂಗಿ ಹೇಳುವ ಪದ್ಧತಿ. ಹೆಂಗಸೊಬ್ಬರು ಕಾಣುತ್ತಿಲ್ಲ, ವಯಸ್ಸು ಸುಮಾರು ಐವತ್ತು, ನೇರಳೆ ಬಣ್ಣದ ಸ್ವೆಟರ್, ದುಂಡಗಿನ ಮೈಕಟ್ಟು, ಕಂಡವರು ದಯವಿಟ್ಟು ತಿಳಿಸಿ. ಅಯ್ಯೋ ಪಾಪ, ಮನೆಯವರು ಎಷ್ಟು ಗಾಬರಿಯಾಗಿದ್ದಾರೋ ಅಂತ ನಿದ್ದೆಗಣ್ಣಲ್ಲೇ ಲೊಚಗುಟ್ಟಿದೆ. ಐವತ್ತಕ್ಕೇ ಹೀಗೆ ಮರೆವು ಬಂದರೆ ಕಷ್ಟ ಅಂತಲೂ ಅನ್ನಿಸಿತು. ದನಿ ಮುಂದುವರಿಯಿತು. ಜೊತೆಗಿದ್ದ ನಾಯಿ ಕ್ಷೇಮವಾಗಿದೆ.

ಕಣ್ಣು ಬಿಟ್ಟೆ. ಮೈಮೇಲೆ ನೇರಳೆ ಸ್ವೆಟರ್. ಬೆಂಚಿನ ಕೈಯಲ್ಲಿ ಹಗ್ಗವಿಲ್ಲ.

ಓಡಿದೆ. ಗೇಟಿನ ಮುಂದೆ ಗೋಮಾ, ಹಗ್ಗ ಪಕ್ಕಕ್ಕಿಟ್ಟುಕೊಂಡು, ದೂರು ಕೊಟ್ಟು ಬಂದವನ ಠೀವಿಯಲ್ಲಿ ಕೂತಿದ್ದ. ಅಜ್ಜ ಮೈಕು ಕೆಳಗಿಟ್ಟರು. "ನಾಯಿ ಬಿಡುಬೀಸಾಗಿ ಓಡಾಡಿದರೆ ಒಕುಸಾಮಾಗೆ ಹೇಳಲೇಬೇಕು," ಅಂದರು. ಇಪ್ಪತ್ತೆರಡನೇ ಮಹಡಿ ಕಣ್ಣ ಮುಂದೆ ಕುಣಿಯಿತು. ಅಜ್ಜ ಗೋಮಾನನ್ನು ನೋಡಿದರು, ನನ್ನನ್ನು ನೋಡಿದರು, ದನಿ ತಗ್ಗಿಸಿದರು. "ಈ ಸಲ ಕಾಣೆಯಾದದ್ದು ನಾಯಿ ಅಲ್ಲವಲ್ಲ, ಬಿಡಿ."

ನನಗೆ ಆಗ ನಲವತ್ತೊಂದು. ಐವತ್ತು ಅಂದದ್ದನ್ನು ನಾನು ಈಗಲೂ ಕ್ಷಮಿಸಿಲ್ಲ.

ಮೊಮೊ ಅವರ ತಂದೆ

ನಾಯಿ ತಿರುಗಿಸುವವರಲ್ಲಿ ಇಲ್ಲಿ ಒಂದು ರೂಢಿ ಇದೆ. ಯಾರೂ ಯಾರ ಹೆಸರೂ ಕೇಳುವುದಿಲ್ಲ. ನಾಯಿಯ ಹೆಸರಷ್ಟೇ. ನಾನು ಗೋಮಾ ಅವರ ತಾಯಿ. ಪೂಡಲ್ ಹೆಂಗಸು ಕೋಕೋ ಅವರ ತಾಯಿ. ದಿನಾ ಕೊಳದ ಹತ್ತಿರ ಸಿಗುತ್ತಿದ್ದ, ಉದ್ದ ಮೈಯ ಗಿಡ್ಡ ಕಾಲಿನ ನಾಯಿಯ ಯಜಮಾನರು ಮೊಮೊ ಅವರ ತಂದೆ. ಅರವತ್ತರ ಹತ್ತಿರದ ಸೌಮ್ಯ ಮನುಷ್ಯ. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ನನಗೆ ಮಾತಾಡಲು ಒಬ್ಬರು ಸಿಕ್ಕರಲ್ಲ ಅಂತ ನಾನು ಮಾತಾಡಿದೆ.

ಏನು ಮಾತಾಡಿದೆ ಅಂದರೆ, ನನ್ನ ಗಂಡನ ಬಾಸ್ ಬಗ್ಗೆ.

"ಸಂಜೆ ಆರು ಗಂಟೆಗೆ ಮೀಟಿಂಗ್ ಇಡ್ತಾರಂತೆ. ಆರಕ್ಕೆ ಯಾರಾದ್ರೂ ಮೀಟಿಂಗ್ ಇಡ್ತಾರಾ? ಮಗು ಅಪ್ಪನ ಮುಖ ನೋಡೋದು ಭಾನುವಾರ ಮಾತ್ರ."

"ಅದು ತಪ್ಪು," ಅಂದರು ಮೊಮೊ ಅವರ ತಂದೆ. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. "ಅಂಥವರಿಗೆ ಯಾರಾದರೂ ಧೈರ್ಯವಾಗಿ ಹೇಳಬೇಕು."

"ಅವರಿಗೆ ಮನೆ ಅಂತ ಇಲ್ಲವೇನೋ."

"ಇರಬಹುದು," ಅಂದು ಯೋಚಿಸಿದರು. "ಆದರೆ ಮನೆಯಲ್ಲಿ ಮಾತಾಡಿಸುವವರು ಇರಲಿಕ್ಕಿಲ್ಲ."

ಮೂರು ವಾರ ಹೀಗೇ ನಡೆಯಿತು. ಬಾಸ್ ಬರೆಯುವ ಇ-ಮೇಲ್‌ಗಳು, ಅವರು ಹಾಕುವ ಒಂದೇ ಬಣ್ಣದ ಟೈ, ಎಲ್ಲವನ್ನೂ ಕೊಳದ ಸುತ್ತ ನಡೆಯುತ್ತಾ ವಿವರವಾಗಿ ಹೇಳಿದೆ. ಮೊಮೊ ಅವರ ತಂದೆ ತಲೆಯಾಡಿಸಿ ತಲೆಯಾಡಿಸಿ ಕೇಳಿದರು.

ನವೆಂಬರಿನಲ್ಲಿ ಸಂಸ್ಥೆಯವರು ಕುಟುಂಬಗಳನ್ನೆಲ್ಲ ಊಟಕ್ಕೆ ಕರೆದರು. ನಮ್ಮವರು ನನ್ನನ್ನು ಕರೆದುಕೊಂಡು ಹೋಗಿ, ಬೆವರೊರೆಸಿಕೊಂಡು, "ಇವರೇ ನಮ್ಮ ಡೈರೆಕ್ಟರ್," ಅಂದರು. ಬೂದು ಟೈ ಹಾಕಿದ ಮೊಮೊ ಅವರ ತಂದೆ ನಿಂತಿದ್ದರು.

ನಾವಿಬ್ಬರೂ ಬಹಳ ಹೊತ್ತು ಬಗ್ಗಿಯೇ ಇದ್ದೆವು. ಮೇಲೆ ಏಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಮುಂದಿನ ಸೋಮವಾರದಿಂದ ಮೀಟಿಂಗ್ ಮಧ್ಯಾಹ್ನ ಮೂರಕ್ಕೆ ಬಂತು. ಇದು ಸರ್ಕಾರದ ಹೊಸ ನೀತಿ ಅಂತ ನಮ್ಮವರು ಇವತ್ತಿಗೂ ನಂಬಿದ್ದಾರೆ. ಡೈರೆಕ್ಟರಾಗಲಿ ನಾನಾಗಲಿ ಅದನ್ನು ತಿದ್ದಲು ಹೋಗಿಲ್ಲ.

ಕಲ್ಲು ದೇವರು

ಬಿದಿರು ಮುಗಿದು ಕಾಡು ಶುರುವಾಗುವ ಕಡೆ ಮೊಣಕಾಲೆತ್ತರದ ಒಂದು ಕಲ್ಲಿತ್ತು. ತುದಿ ದುಂಡಗೆ, ಮೈಮೇಲೆ ಪಾಚಿ. ಗೋಮಾ ಅಲ್ಲಿ ತಪ್ಪದೆ ನಿಲ್ಲುತ್ತಿದ್ದ, ಆದರೆ ಕಾಲೆತ್ತುತ್ತಿರಲಿಲ್ಲ. ನಾಯಿಗೇ ತಿಳಿದಿದೆ, ನನಗೆ ತಿಳಿಯಬೇಡವೇ. ಕೈಮುಗಿದೆ. ಮರುದಿನ ಒಂದು ಹೂವಿಟ್ಟೆ. ಪರೀಕ್ಷೆಯ ಅವಧಿ ಮುಗಿಯುತ್ತಾ ಬಂದಿತ್ತು, ಗೋಮಾ ಇಲ್ಲೇ ಉಳಿಯಲಿ ಅಂತ ಬೇಡಿಕೊಂಡು ಮೂರು ಪ್ರದಕ್ಷಿಣೆ ಹಾಕಿದೆ. ಮನಸ್ಸಿಗೆ ಸಮಾಧಾನವಾಯಿತು. ದಿನಾ ಮಾಡಿದೆ.

ಒಂದು ವಾರದಲ್ಲಿ ನನ್ನ ಹೂವಿನ ಪಕ್ಕ ಇನ್ನೊಂದು ಹೂವು ಬಂತು. ಆಮೇಲೆ ಒಂದು ಕಿತ್ತಳೆ. ಬೆಳಗಿನ ವಾಕಿಂಗಿನ ಅಜ್ಜಿಯರು ಅಲ್ಲಿ ನಿಂತು ಕೈಜೋಡಿಸತೊಡಗಿದರು. ಇಲ್ಲಿ ದಾರಿಬದಿಯ ದೇವರಿಗೆ ಕೆಂಪು ಬಟ್ಟೆ ಕಟ್ಟುವ ಸಂಪ್ರದಾಯ. ಯಾರೋ ಕೆಂಪು ಬಟ್ಟೆಯನ್ನೂ ಕಟ್ಟಿದರು. ನೋಡಿ, ಒಳ್ಳೆಯ ಜಾಗೃತ ಸ್ಥಳ ಅಂತ ನನ್ನ ಭಕ್ತಿ ಇಮ್ಮಡಿಯಾಯಿತು.

ಗೇಟಿನ ಅಜ್ಜ ಒಂದು ದಿನ ಬಹಳ ಸಂಕೋಚದಿಂದ ಬಂದರು. "ಸುಮಿಮಾಸೆನ್, ಕ್ಷಮಿಸಿ. ಆ ಕಲ್ಲು, ನಿಮ್ಮ ದೇಶದಲ್ಲಿ ಏನಾದರೂ ವಿಶೇಷವೇ?"

"ನಿಮ್ಮ ದೇವರಲ್ಲವೇ?" ಅಂದೆ.

ಅಜ್ಜ ಆಕಾಶ ನೋಡಿದರು. ಅದು ಜಮೀನು ಅಳೆಯುವವರು ನೆಟ್ಟ ಗಡಿಕಲ್ಲು. ಇಂಡಿಯಾದವರು ದಿನಾ ಪ್ರದಕ್ಷಿಣೆ ಹಾಕುತ್ತಾರೆ ಅಂದರೆ ಏನೋ ಇರಲೇಬೇಕು ಅಂತ ಊರಿನ ಅಜ್ಜಿಯರು ನಂಬಿಬಿಟ್ಟಿದ್ದರು. ಈಗ ಬಟ್ಟೆ ಬಿಚ್ಚೋಣವೆಂದರೆ ಅಜ್ಜನಿಗೇ ಕೈ ಬರುತ್ತಿಲ್ಲ. ಆ ವಾರವೇ ಸರ್ವೆಯವರು ಬಂದರು. ಟೇಪು ಹಿಡಿದ ಹುಡುಗ ಕೆಂಪು ಬಟ್ಟೆ ನೋಡಿ ಹೆಲ್ಮೆಟ್ ತೆಗೆದು, ಕೈಜೋಡಿಸಿ, ಆಮೇಲೆ ಕಲ್ಲಿನಿಂದ ಅರ್ಧ ಮೀಟರ್ ಗೌರವದ ದೂರ ಬಿಟ್ಟು ಅಳೆದ.

ತೀರ್ಪು

ನವೆಂಬರ್ ಮೂವತ್ತರ ಬೆಳಗ್ಗೆ ಗೇಟಿನ ಅಜ್ಜ ನನ್ನನ್ನು ತಡೆದರು. "ಒಕುಸಾಮಾ ನಿಮ್ಮನ್ನು ನೋಡಬೇಕಂತೆ. ಗೋಮಾನನ್ನೂ ಕರೆತರಬೇಕಂತೆ. ಮಧ್ಯಾಹ್ನ ಎರಡಕ್ಕೆ."

ಮುಗಿಯಿತು ಅಂದುಕೊಂಡೆ. ಅಳು ಬಂದದ್ದನ್ನು ಮುಚ್ಚಿಡುವುದಿಲ್ಲ. ಮಾಲೀಕರು ಆಸ್ಪತ್ರೆಯಲ್ಲಿ ಕೋಲು ಹಿಡಿದು ಹೆಜ್ಜೆ ಹಾಕಲು ಕಲಿಯುತ್ತಿದ್ದರು. ಅವರು ಮನೆಗೆ ಬಂದಾಗ ನಾಯಿಯ ಬಟ್ಟಲು ಖಾಲಿ ಇದ್ದರೆ ಆ ಮುಖ ನೋಡುವುದು ಹೇಗೆ?

ನಮ್ಮವರಿಗೆ ಫೋನ್ ಮಾಡಿದೆ. "ಇಲ್ಲಿ ಒಂದೇ ದಾರಿ ಕಣೆ," ಅಂದರು. "ಅವರು ಬಾಯಿ ತೆಗೆಯೋ ಮುಂಚೆ ನಾವೇ ತಪ್ಪು ಒಪ್ಪಿಕೊಂಡುಬಿಡಬೇಕು. ಪೂರ್ತಿ. ಒಂದು ಸ್ವೀಟ್ ಬಾಕ್ಸ್ ತಗೊಂಡು ಹೋಗು." ಏಳು ವರ್ಷದಲ್ಲಿ ಜಪಾನಿನ ಬಗ್ಗೆ ಅವರು ಹೇಳಿದ ಮೊದಲ ಉಪಯುಕ್ತ ಮಾತು ಇದು ಅನ್ನಿಸಿತು.

ಕೊಬ್ಬರಿ ಮಿಠಾಯಿ ಮಾಡಿದೆ. ರೇಷ್ಮೆ ಸೀರೆ ಉಟ್ಟೆ. ಮಗಳು ಜಪಾನೀಸಿನಲ್ಲಿ ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿದೆ.

ದೊಡ್ಡ ಮನೆಯ ಚಾಪೆಯ ಕೋಣೆ. ಕಿಟಕಿಯಾಚೆ ಇಡೀ ಕಾಡು ಕೆಂಪಾಗಿ, ಮಾತಿಲ್ಲದೆ ನಿಂತಿತ್ತು. ಒಕುಸಾಮಾ ಹಿಡಿಯಷ್ಟು ಸಣ್ಣ ಅಜ್ಜಿ, ಬಿಳಿ ಕೂದಲು, ಬಹಳ ನೇರವಾದ ಬೆನ್ನು. ಗೇಟಿನ ಅಜ್ಜ ಬಾಗಿಲ ಬಳಿ ಮಂಡಿಯೂರಿದ್ದರು. ನಾನು ಮಂಡಿಯೂರಿ, ಮಿಠಾಯಿ ಮುಂದಿಟ್ಟು, ಹಣೆ ಚಾಪೆಗೆ ತಾಗಿಸಿ ಶುರುಮಾಡಿದೆ.

ಬೆಂಚಿನ ಮೇಲೆ ನಿದ್ದೆ ಹೋದದ್ದು, ಹಗ್ಗ ಬಿಟ್ಟುಹೋದದ್ದು ಹೇಳಿದೆ. ಗಡಿಕಲ್ಲನ್ನು ದೇವರು ಮಾಡಿದ್ದು ಹೇಳಿದೆ. ಮಗಳನ್ನು ಬಿಟ್ಟು ಯಾರಿಗೂ ಹೇಳದಿದ್ದವನ್ನೂ ಹೇಳಿದೆ. ಉದುರಿದ ಚೆಸ್ಟ್‌ನಟ್ ಕಾಯಿಗಳನ್ನು ಸೀರೆಯ ಸೆರಗಲ್ಲಿ ಕಟ್ಟಿಕೊಂಡು ಹೋಗಿ ಕುಕ್ಕರಿನಲ್ಲಿ ಬೇಯಿಸಿದ್ದು. ದೀಪಾವಳಿಗೆ ಮಾವಿನ ಎಲೆ ಸಿಗದೆ, ಅದರ ಹಾಗೇ ಕಂಡ ಬಿವಾ ಅನ್ನುವ ಹಣ್ಣಿನ ಮರದಿಂದ ಇಪ್ಪತ್ತೊಂದು ಎಲೆ ಕಿತ್ತು ತೋರಣ ಕಟ್ಟಿದ್ದು. ಕೊಳದ ಮೀನುಗಳಿಗೆ ಒಗ್ಗರಣೆ ಅವಲಕ್ಕಿ ಹಾಕಿದ್ದು. ಅವು ತಿಂದದ್ದು. ಮತ್ತೆ ಹಾಕಿದ್ದು.

ಹೇಳಿ ಮುಗಿಸಿದೆ. ತಲೆಯೆತ್ತಿ ನೋಡಿದರೆ ಗೇಟಿನ ಅಜ್ಜನ ಮುಖ ಸುಣ್ಣ ಬಳಿದಂತೆ ಬಿಳುಚಿತ್ತು.

ಒಕುಸಾಮಾ ಅಜ್ಜನ ಕಡೆ ತಿರುಗಿದರು. "ನನಗೆ ಇದು ಯಾವುದೂ ಗೊತ್ತಿಲ್ಲ. ನಿಮಗೆ ಗೊತ್ತಿತ್ತೇ?"

ಅಜ್ಜ ಹಣೆಯನ್ನು ಚಾಪೆಗೆ ಹಚ್ಚಿದರು. ಮೂರು ತಿಂಗಳು ಆ ಪುಣ್ಯಾತ್ಮರು ಒಂದೊಂದನ್ನೂ ಮುಚ್ಚಿಟ್ಟು ನನ್ನನ್ನು ಕಾಪಾಡಿದ್ದರು. ನಾನು ಎರಡೇ ನಿಮಿಷದಲ್ಲಿ, ವ್ಯಾಕರಣ ತಪ್ಪದೆ, ಎಲ್ಲವನ್ನೂ ಬಯಲು ಮಾಡಿದ್ದೆ.

"ನಾನು ಕರೆಸಿದ್ದು ಬೇರೆ ಮಾತಿಗೆ," ಅಂದರು ಒಕುಸಾಮಾ. "ಈ ನಾಯಿ ದಿನಾ ಏಳೂವರೆಗೆ ನನ್ನ ಕಿಟಕಿಯ ಕೆಳಗೆ ನಿಂತು ನನ್ನನ್ನು ನೋಡುತ್ತದೆ. ನಾನೂ ನೋಡುತ್ತೇನೆ. ನನಗೆ ಬೆಳಗ್ಗೆ ಬೇಗ ಎಚ್ಚರವಾಗುತ್ತದೆ. ಏಳಕ್ಕೇ ಬರಲು ಆಗುತ್ತದೆಯೇ ಅಂತ ಕೇಳೋಣವೆಂದಿದ್ದೆ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಚಾಪೆಯ ಮೇಲೆ ಕೂತು ಕೂತು ಕಾಲು ಬೇರೆ ಜೋಮು ಹಿಡಿದಿತ್ತು, ಎದ್ದು ಓಡುವಂತೆಯೂ ಇರಲಿಲ್ಲ. ಗೋಮಾ ಸಮಾಧಾನವಾಗಿ ಒಕುಸಾಮಾ ಪಕ್ಕಕ್ಕೆ ಹೋಗಿ ಕೂತ. ಅವರು ಅವನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕಾಡನ್ನು ನೋಡಿದರು.

"ಈಗ ಹೇಳಿದಿರಲ್ಲ," ಅಂದರು ಕೊನೆಗೆ, "ಅದರಲ್ಲಿ ನಾಯಿಯ ತಪ್ಪು ಯಾವುದು?"

ಒಂದೊಂದೇ ನೆನೆಸಿಕೊಂಡು ನೋಡಿದೆ. "ಯಾವುದೂ ಇಲ್ಲ," ಅಂದೆ.

"ಹಾಗಾದರೆ ನಾಯಿ ಬರಲಿ. ಯಾವಾಗಲೂ ಬರಲಿ."

ಕಣ್ಣು ಮಂಜಾಯಿತು. ಸೆರಗಿನಿಂದ ಒರೆಸಿಕೊಂಡು, ಅಲ್ಲಿಗೇ ಸುಮ್ಮನಿರಲಾರದೆ ಕೇಳಿದೆ. "ಮತ್ತೆ ನಾನು?"

ಒಕುಸಾಮಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗೇಟಿನ ಅಜ್ಜನಿಗೆ ಹೇಳಿದರು. "ಇವರನ್ನು ಒಬ್ಬರನ್ನೇ ಒಳಗೆ ಬಿಡಬೇಡಿ. ನಾಯಿಯೇ ಕರೆದುಕೊಂಡು ಬಂದರೆ ಮಾತ್ರ ಬಿಡಿ."